ಕಾರ್ನ್‌ವಾಲ್‌ಗೆ ಹೋಗುವ ಪ್ಲಾನ್ ಇದೆಯಾ? ಲ್ಯಾಂಡ್ಸ್ ಎಂಡ್ ಫೋಟೋ ಆಮೇಲೆ, ಮೊದಲು ಗಣಿ ಕಡೆ ಹೋಗಿ

ಊರಿಂದ ಅಪ್ಪ ಅಮ್ಮ ಬಂದರೆ ಇಂಗ್ಲೆಂಡಿನಲ್ಲಿರುವ ನಮ್ಮವರು ಕರೆದುಕೊಂಡು ಹೋಗುವ ಜಾಗಗಳು ಹೆಚ್ಚುಕಡಿಮೆ ಒಂದೇ. ಲಂಡನ್, ಬಾತ್, ಸ್ಟೋನ್‌ಹೆಂಜ್, ಲೇಕ್ ಡಿಸ್ಟ್ರಿಕ್ಟ್, ರಜೆ ಉಳಿದರೆ ಸ್ಕಾಟ್ಲೆಂಡ್. ಕಾರ್ನ್‌ವಾಲ್ ಅಂದರೆ ಸಾಕು, "ಅಷ್ಟು ದೂರ ಯಾರು ಹೋಗ್ತಾರೆ" ಅನ್ನುತ್ತಾರೆ. ದೂರ ಅನ್ನುವುದು ಸುಳ್ಳಲ್ಲ. ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಅಟ್ಲಾಂಟಿಕ್ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಕೌಂಟಿ ಅದು. ಆದರೆ ಕರ್ನಾಟಕದವರಿಗೆ, ಅದರಲ್ಲೂ ಕೋಲಾರದ ಕಡೆಯವರಿಗೆ, ಅಲ್ಲಿಗೆ ಹೋಗಲು ಬೇರೆಯವರಿಗೆ ಇಲ್ಲದ ಒಂದು ಕಾರಣ ಇದೆ. ಕೆಜಿಎಫ್‌ನಲ್ಲಿ ಚಿನ್ನ ತೆಗೆಯುವ ಕೆಲಸಕ್ಕೆ ಬ್ರಿಟಿಷರು ಕರೆತಂದ ಗಣಿಗಾರರಲ್ಲಿ ತುಂಬಾ ಜನ ಈ ಕೌಂಟಿಯವರು. ನಮ್ಮಪ್ಪ ಓದಿದ್ದು ಬಂಗಾರಪೇಟೆಯಲ್ಲಿ. ಹಾಗಾಗಿ ಈ ಸಲ ಅವರು ಬಂದಾಗ ಬಾತ್ ಬಿಟ್ಟು ಇಲ್ಲಿಗೇ ಹೋದೆವು. ಹೋಗುವ ಯೋಚನೆ ಇರುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲಿಗೆ ಅಳತೆ. ಕಾರ್ನ್‌ವಾಲ್ ನಮ್ಮ ಕೋಲಾರ ಜಿಲ್ಲೆಗಿಂತ ಸ್ವಲ್ಪ ಚಿಕ್ಕದು, ಸುಮಾರು 3,500 ಚದರ ಕಿಲೋಮೀಟರ್. ಜನ 2021ರ ಗಣತಿಯಲ್ಲಿ 5 ಲಕ್ಷ 70 ಸಾವಿರ. ಇಷ್ಟೇ ತಾನೇ, ಎರಡು ದಿನದಲ್ಲಿ ಸುತ್ತಿ ಮುಗಿಸಬಹುದು ಅಂತ ಮ್ಯಾಪ್ ನೋಡಿದವರಿಗೆ ಅನ್ನಿಸುತ್ತೆ. ಆಗಲ್ಲ. ಇದು ಉದ್ದಕ್ಕೆ ಎಳೆದ ಹಾಗಿರುವ ನೆಲ. ಮೂರು ಕಡೆ ಸಮುದ್ರ, ನಾಲ್ಕನೇ ಕಡೆ ಟೇಮರ್ ನದಿ. ಆ ನದಿ ಉತ್ತರದ ಸಮುದ್ರದ ಹತ್ತಿರವೇ ಹುಟ್ಟಿ, ಅತ್ತ ಸೇರದೆ ದಕ್ಷಿಣಕ್ಕೆ ತಿರುಗಿ ಪ್ಲಿಮತ್ ಹತ್ತಿರ ಸಮುದ್ರ ಸೇರುತ್ತದೆ. ಇನ್ನೊಂದು ಆರೇಳು ಕಿಲೋಮೀಟರ್ ಹರಿದಿದ್ದರೆ ಕಾರ್ನ್‌ವಾಲ್ ದ್ವೀಪವೇ ಆಗಿಬಿಡುತ್ತಿತ್ತು. ಅಲ್ಲಿನವರ ಮಾತು ಕೇಳಿದರೆ ಮನಸ್ಸಿನಲ್ಲಿ ಅವರು ಈಗಲೂ ದ್ವೀಪದಲ್ಲೇ ಇದ್ದಾರೆ. ನದಿ ಆಚೆಗಿನ ಡೆವನ್ ಕೌಂಟಿಯವರೂ ಅವರಿಗೆ ಹೊರಗಿನವರೇ.

ಮೋಟರ್‌ವೇ ಒಂದೂ ಇಲ್ಲ. ಎಂ5 ಎಕ್ಸೆಟರ್‌ನಲ್ಲೇ ಮುಗಿಯುತ್ತದೆ. ಅಲ್ಲಿಂದ ಮುಂದೆ ಎ30 ಹಿಡಿದು ಬಾಡ್ಮಿನ್ ಮೂರ್ ಮೇಲೆ ಹೋಗಬೇಕು, ಇಲ್ಲ ಎ38 ಹಿಡಿದು ಟೇಮರ್ ಸೇತುವೆ ದಾಟಬೇಕು. ಸೇತುವೆಯಲ್ಲಿ ಟೋಲ್ ಇದೆ, ಆದರೆ ಕಾರ್ನ್‌ವಾಲ್‌ನಿಂದ ಹೊರಗೆ ಬರುವಾಗ ಮಾತ್ರ. ಒಳಗೆ ಹೋಗೋದು ಪುಕ್ಕಟೆ, ಬಿಟ್ಟು ಬರೋಕೆ ದುಡ್ಡು ಕೊಡಬೇಕು ಅಂತ ಅಲ್ಲಿನವರದೇ ಒಂದು ಹಳೇ ತಮಾಷೆ. ಜುಲೈ ಕೊನೆಯಿಂದ ಆಗಸ್ಟ್ ಪೂರ್ತಿ ಶಾಲೆಗಳಿಗೆ ರಜೆ. ಆಗ ಶುಕ್ರವಾರ ಸಂಜೆ ಅಥವಾ ಶನಿವಾರ ಬೆಳಗ್ಗೆ ಎ30ಗೆ ಇಳಿದರೆ ಸಿಲ್ಕ್ ಬೋರ್ಡ್ ನೆನಪಾಗುವುದು ಗ್ಯಾರಂಟಿ. ಕಾಟೇಜ್‌ಗಳನ್ನು ಸಾಮಾನ್ಯವಾಗಿ ಶುಕ್ರವಾರದಿಂದ ಶುಕ್ರವಾರಕ್ಕೆ ಅಥವಾ ಶನಿವಾರದಿಂದ ಶನಿವಾರಕ್ಕೆ ವಾರದ ಲೆಕ್ಕದಲ್ಲಿ ಕೊಡುತ್ತಾರೆ. ಬಿಟ್ಟು ಹೋಗುವವರು, ಹೊಸದಾಗಿ ಬರುವವರು ಎಲ್ಲರೂ ಒಂದೇ ದಿನ ಅದೇ ರಸ್ತೆಯಲ್ಲಿ ಇರುತ್ತಾರೆ. ಮೇ, ಜೂನ್ ಮೊದಲರ್ಧ ಅಥವಾ ಸೆಪ್ಟೆಂಬರ್ ನೋಡಿಕೊಳ್ಳಿ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕಿರುತ್ತೆ, ಅದೇ ದೊಡ್ಡ ಲಾಭ.

ನಾವು ಹೋಗಿದ್ದು ರೈಲಿನಲ್ಲಿ. ವಯಸ್ಸಾದವರು ಜೊತೆಗಿದ್ದರೆ ನಾನು ಅದನ್ನೇ ಹೇಳುತ್ತೇನೆ. ಲಂಡನ್ ಪ್ಯಾಡಿಂಗ್ಟನ್‌ನಿಂದ ಪೆನ್‌ಝಾನ್ಸ್‌ಗೆ ಐದು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಆದರೆ ಈ ದಾರಿಯೇ ನೋಡುವಂಥದ್ದು. ಎಕ್ಸೆಟರ್ ದಾಟಿದ ಮೇಲೆ ಡಾಲಿಶ್ ಹತ್ತಿರ ಹಳಿ ಸಮುದ್ರಕ್ಕೆ ಎಷ್ಟು ಅಂಟಿಕೊಂಡಿದೆ ಅಂದರೆ, 2014ರ ಫೆಬ್ರವರಿ ಬಿರುಗಾಳಿಯಲ್ಲಿ ಅಲೆಗಳು ಗೋಡೆ ಒಡೆದು ಹಳಿ ಗಾಳಿಯಲ್ಲಿ ನೇತಾಡುವ ಹಾಗೆ ಮಾಡಿದ್ದವು. ಹೋಗುವಾಗ ಎಡಗಡೆ ಕಿಟಕಿ ಸೀಟು ತೆಗೆದುಕೊಳ್ಳಿ. ಪ್ಲಿಮತ್ ಆದ ಮೇಲೆ ಇಂಜಿನಿಯರ್ ಬ್ರೂನೆಲ್ ಕಟ್ಟಿದ ರಾಯಲ್ ಆಲ್ಬರ್ಟ್ ರೈಲು ಸೇತುವೆ ಬರುತ್ತದೆ, 1859ರದ್ದು. ಮೇಲೆ ಎರಡು ದಪ್ಪ ಕಬ್ಬಿಣದ ಕೊಳವೆಗಳು ಕಮಾನಿನ ಥರ ಬಾಗಿವೆ, ಕೆಳಗೆ ತುಂಬಾ ಆಳದಲ್ಲಿ ಟೇಮರ್. ರೈಲು ಅಲ್ಲಿ ತೀರಾ ನಿಧಾನಕ್ಕೆ ಹೋಗುತ್ತೆ, ಫೋಟೋಗೆ ಬೇಕಾದಷ್ಟು ಸಮಯ ಸಿಗುತ್ತೆ. ರಾತ್ರಿ ಮಲಗಿಕೊಂಡು ಹೋಗುವ ಸ್ಲೀಪರ್ ರೈಲೂ ಇದೆ. ಶನಿವಾರ ರಾತ್ರಿ ಮಾತ್ರ ಅದು ಓಡಲ್ಲ. ಟಿಕೆಟ್ ಎರಡು ಮೂರು ತಿಂಗಳು ಮುಂಚೆ ತೆಗೆದರೆ ಬೆಲೆ ತುಂಬಾ ಕಡಿಮೆ. ಅಪ್ಪ ಅಮ್ಮನಿಗೆ 60 ದಾಟಿದ್ದರೆ ಸೀನಿಯರ್ ರೈಲ್‌ಕಾರ್ಡ್ ಮಾಡಿಸಿ, ಮೂರನೇ ಒಂದು ಭಾಗ ಉಳಿಯುತ್ತೆ. ಅದಕ್ಕೆ ಬ್ರಿಟಿಷ್ ಪೌರತ್ವ ಬೇಕಿಲ್ಲ, ವಯಸ್ಸು ತೋರಿಸಲು ಪಾಸ್‌ಪೋರ್ಟ್ ಸಾಕು.

ಉಳಿಯೋದು ಎಲ್ಲಿ? ಎಲ್ಲರೂ ಹೇಳುವುದು ಸೇಂಟ್ ಐವ್ಸ್. ನಾನು ಹೇಳುವುದು ಪೆನ್‌ಝಾನ್ಸ್. ಸೇಂಟ್ ಐವ್ಸ್ ಚೆಂದದ ಊರು, ಅದರಲ್ಲಿ ಎರಡು ಮಾತಿಲ್ಲ, ಆದರೆ ರೂಮು ದುಬಾರಿ, ಓಣಿಗಳು ಕಡಿದಾದ ಏರು, ಜನಜಾತ್ರೆ. ಪೆನ್‌ಝಾನ್ಸ್ ಜನ ಬದುಕುವ ಊರು. ರೈಲ್ವೆ ನಿಲ್ದಾಣದ ಪಕ್ಕದಲ್ಲೇ ಬಸ್ ನಿಲ್ದಾಣ, ದೊಡ್ಡ ಸೂಪರ್‌ಮಾರ್ಕೆಟ್, ನಡೆಯಲು ಸಮುದ್ರದ ಪಕ್ಕ ಸಪಾಟಾದ ಉದ್ದನೆ ದಾರಿ. ಮುಖ್ಯ ಬೀದಿಯಲ್ಲಿ ಕೈಯಲ್ಲಿ ದೀಪ ಹಿಡಿದು ನಿಂತಿರುವ ಪ್ರತಿಮೆ ಹಂಫ್ರಿ ಡೇವಿಯದು. ಗಣಿ ಕಾರ್ಮಿಕರ ಸುರಕ್ಷಾ ದೀಪ ಕಂಡುಹಿಡಿದ ವಿಜ್ಞಾನಿ ಅವನು, 1778ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಅಡುಗೆಮನೆ ಇರುವ ಮನೆ ಹಿಡಿಯಿರಿ. ಅಕ್ಕಿ, ಬೇಳೆ ಸೂಪರ್‌ಮಾರ್ಕೆಟಿನಲ್ಲಿ ಸಿಗುತ್ತೆ. ಸಾರಿನ ಪುಡಿ, ಉಪ್ಪಿನಕಾಯಿ ಮನೆಯಿಂದಲೇ ತಗೊಂಡು ಹೋಗಿ. ಇಡೀ ದಿನ ಗಾಳಿಯಲ್ಲಿ ಅಲೆದು ಬಂದವರಿಗೆ ಬಿಸಿ ಅನ್ನ ಸಾರು ಸಿಕ್ಕರೆ ಮರುದಿನ ಮತ್ತೆ ಹೊರಡಲು ತಕರಾರು ಇರಲ್ಲ.

ಕಾರು ಬೇಕಾ? ಇದ್ದರೆ ಒಳ್ಳೆಯದು, ಆದರೆ ರಸ್ತೆ ಎಂಥದ್ದು ಅಂತ ಗೊತ್ತಿರಲಿ. ಭಾರತದ ಲೈಸೆನ್ಸ್‌ನಲ್ಲಿ ಬಂದ ಒಂದು ವರ್ಷದವರೆಗೆ ಓಡಿಸಬಹುದು, ಗಾಡಿ ಎಡಗಡೆಯೇ, ಅದೆಲ್ಲ ಸರಿ. ಕಷ್ಟ ಇರುವುದು ಹಳ್ಳಿ ರಸ್ತೆಗಳಲ್ಲಿ. ಒಂದೇ ಗಾಡಿ ಹಿಡಿಯುವ ಅಗಲ, ಎರಡೂ ಕಡೆ ಆಳೆತ್ತರದ ಹಸಿರು ಬೇಲಿ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರಾದರೂ ಒಬ್ಬರು ರಿವರ್ಸ್ ಹೋಗಬೇಕು, ಆ ಒಬ್ಬರು ನೀವೇ. ಆ ಬೇಲಿ ಬರೀ ಗಿಡ ಅಂತ ತಿಳಿದು ಕಾರು ಒತ್ತಬೇಡಿ. ಹತ್ತಿರ ಹೋಗಿ ಎಲೆ ಸರಿಸಿ ನೋಡಿದರೆ ಒಳಗೆ ಗ್ರಾನೈಟ್ ಕಲ್ಲಿನ ಗೋಡೆ. ಎರಡು ಸಾಲು ಕಲ್ಲು, ನಡುವೆ ಮಣ್ಣು, ಆ ಮಣ್ಣಿನ ಮೇಲೆ ಹುಲ್ಲು, ಜರಿಗಿಡ, ಗುಲಾಬಿ ಬಣ್ಣದ ಕಾಡು ಹೂವು. ಬಾಡಿಗೆ ಕಾರಿಗೆ ಗೀರು ಬೀಳುವುದು ಹೀಗೆಯೇ. ಪೂರ್ತಿ ಇನ್ಶೂರೆನ್ಸ್ ಹಾಕಿಸಿ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಇರಲ್ಲ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ನಾವು ನೆಚ್ಚಿಕೊಂಡಿದ್ದು ಬಸ್ಸನ್ನೇ. ಪೆನ್‌ಝಾನ್ಸ್‌ನಿಂದ ಹೊರಟು ಲ್ಯಾಂಡ್ಸ್ ಎಂಡ್, ಸೇಂಟ್ ಜಸ್ಟ್, ಪೆಂಡೀನ್, ಝೆನ್ನರ್, ಸೇಂಟ್ ಐವ್ಸ್ ಎಲ್ಲ ಸುತ್ತಿ ಬರುವ ಲ್ಯಾಂಡ್ಸ್ ಎಂಡ್ ಕೋಸ್ಟರ್ ಬಸ್ಸಿದೆ. ಬೇಸಿಗೆಯಲ್ಲಿ ಮೇಲೆ ಛಾವಣಿ ಇಲ್ಲದ ಡಬಲ್ ಡೆಕ್ಕರ್. ಬೇಲಿ ಎತ್ತರ ಇರುವುದರಿಂದ ಕಾರಿನಲ್ಲಿ ಹೋಗುವವರಿಗೆ ಕಾಣದ ಸಮುದ್ರ ಈ ಬಸ್ಸಿನ ಮೇಲೆ ಕೂತವರಿಗೆ ಕಾಣುತ್ತದೆ. ಒಂದು ಕಡೆಯ ಟಿಕೆಟ್ 2025ರಿಂದ ಇಂಗ್ಲೆಂಡಿನಾದ್ಯಂತ ಹೆಚ್ಚೆಂದರೆ 3 ಪೌಂಡ್. ಇಡೀ ದಿನದ ಪಾಸ್ ತೆಗೆದರೆ ಬೇಕಾದಲ್ಲಿ ಇಳಿದು ಹತ್ತಬಹುದು. ಕೊನೇ ಬಸ್ ಎಷ್ಟಕ್ಕೆ ಅಂತ ಬೆಳಗ್ಗೆಯೇ ನೋಡಿಕೊಳ್ಳಿ, ಟ್ಯಾಕ್ಸಿ ಸುಲಭಕ್ಕೆ ಸಿಗಲ್ಲ. ಗಾಳಿ ಜಾಸ್ತಿ, ಜೂನ್‌ನಲ್ಲೂ ಕಿವಿ ಮುಚ್ಚುವ ಟೋಪಿ ಬೇಕು. ಊರ ಹೆಸರು ಹೇಳುವಾಗ ಎಚ್ಚರ. ಬೋರ್ಡಿನಲ್ಲಿ ಮೌಸ್‌ಹೋಲ್ ಅಂತ ಓದುವ ಊರನ್ನು ಅಲ್ಲಿಯವರು ಮೌಝಲ್ ಅನ್ನುತ್ತಾರೆ, ಫೋವೆ ಅಂತ ಬರೆದದ್ದು ಫಾಯ್. ಡ್ರೈವರ್‌ಗೆ ಹಾಗೇ ಹೇಳಿ.

ಈಗ ಗಣಿ ವಿಷಯ. ಪೆಂಡೀನ್‌ನಲ್ಲಿ ಬಸ್ ಇಳಿದು ಸ್ವಲ್ಪ ನಡೆದರೆ ಗೀವರ್ ತವರದ ಗಣಿ. 1985ರಲ್ಲಿ ತವರದ ಬೆಲೆ ಕುಸಿದು ಬಿತ್ತು, 1990ರಲ್ಲಿ ಗಣಿ ನಿಂತಿತು. ಈಗ ಮ್ಯೂಸಿಯಂ. ಗಣಿ ಕೆಲಸದವರು ಬಟ್ಟೆ ಬದಲಿಸುತ್ತಿದ್ದ ಕಟ್ಟಡವನ್ನು ಅಲ್ಲಿ 'ಡ್ರೈ' ಅನ್ನುತ್ತಾರೆ. ಕೊನೆಯ ದಿನ ಹೇಗೆ ಬಿಟ್ಟು ಹೋದರೋ ಹೆಚ್ಚುಕಡಿಮೆ ಹಾಗೇ ಇಟ್ಟಿದ್ದಾರೆ. ಸಾಲು ಲಾಕರ್‌ಗಳು, ಕೆಂಪು ಮಣ್ಣು ಮೆತ್ತಿದ ಮೇಲಂಗಿಗಳು, ಹೆಲ್ಮೆಟ್, ಬೂಟು. ಅದರಾಚೆ ಅದಿರು ಬೇರ್ಪಡಿಸುವ ಗಿರಣಿ. ಅಲ್ಲಿ ಓರೆಯಾಗಿ ನಿಲ್ಲಿಸಿದ ದೊಡ್ಡ ಮೇಜುಗಳಿವೆ. ಮೇಲೆ ನೀರು ಹರಿಯುತ್ತಿರುತ್ತೆ, ಮೇಜು ಗಡಗಡ ಅಲುಗುತ್ತಿರುತ್ತೆ. ಪುಡಿ ಮಾಡಿದ ಕಲ್ಲನ್ನು ಸುರಿದರೆ ಹಗುರ ಮರಳು ನೀರಿನ ಜೊತೆ ಕೆಳಗೆ ಜಾರುತ್ತೆ, ತೂಕದ ತವರದ ಅದಿರು ಮೇಜಿನ ಉದ್ದಕ್ಕೂ ಕಪ್ಪು ಗೆರೆಯಾಗಿ ಉಳಿಯುತ್ತೆ. ಅಮ್ಮ ಅದನ್ನು ನೋಡಿದ್ದೇ "ಮೊರದಲ್ಲಿ ಕೇರಿದಂಗೆ" ಅಂದರು. ನಿಜ, ಅಷ್ಟೇ ಸರಳ.

ಕೊನೆಯಲ್ಲಿ ಹೆಲ್ಮೆಟ್ ಹಾಕಿ ಹಳೆಯ ಸುರಂಗದೊಳಗೆ ಕರೆದುಕೊಂಡು ಹೋಗುತ್ತಾರೆ. ಇನ್ನೂರು ವರ್ಷಗಳ ಹಿಂದೆ ಕೈಯಲ್ಲೇ ಕೊರೆದದ್ದು. ಬಗ್ಗಿ ನಡೆಯಬೇಕು, ಗೋಡೆ ಭುಜಕ್ಕೆ ತಾಗುತ್ತೆ, ಮೇಲಿಂದ ನೀರು ತೊಟ್ಟಿಕ್ಕುತ್ತೆ. ಮಂಡಿ ನೋವಿರುವವರು, ಇಕ್ಕಟ್ಟಿನಲ್ಲಿ ಭಯ ಆಗುವವರು ಹೊರಗೇ ಇರುವುದು ವಾಸಿ. ಅಮ್ಮ ಕೆಫೆಯಲ್ಲಿ ಕೂತರು. ಇಲ್ಲಿನ ಗೈಡ್‌ಗಳಲ್ಲಿ ಹಿಂದೆ ಗಣಿಯಲ್ಲೇ ದುಡಿದವರಿದ್ದಾರೆ. ನಮಗೆ ಸಿಕ್ಕವರು ಅಂಥವರೇ. ಎಲ್ಲಿಂದ ಬಂದಿರಿ ಅಂತ ಕೇಳಿದರು. ಅಪ್ಪ ಬೆಂಗಳೂರು ಅನ್ನಲಿಲ್ಲ, ಕೋಲಾರ ಅಂದರು. ಗೈಡ್ ಮುಖ ಅರಳಿತು. ಭಾರತದಲ್ಲಿ ಕೋಲಾರ ಎಲ್ಲಿದೆ ಅಂತ ವಿವರಿಸಬೇಕಾಗಿ ಬರದೇ ಇದ್ದದ್ದು ಇಡೀ ಇಂಗ್ಲೆಂಡಿನಲ್ಲಿ ಇದೊಂದೇ ಕಡೆ ಇರಬೇಕು. ಆಮೇಲೆ ಇಬ್ಬರೂ ಶಾಫ್ಟ್ (ಗಣಿಯೊಳಕ್ಕೆ ಇಳಿಯುವ ಗುಂಡಿ) ಎಷ್ಟು ಆಳ, ಒಳಗೆ ಎಷ್ಟು ಸೆಕೆ ಅಂತ ಮಾತಿಗೆ ನಿಂತರು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗಿಂತ ಆಳ ಅಂತ ಅಪ್ಪ ಹೇಳುವಾಗ ದನಿಯಲ್ಲಿ ಜಂಬ ಇತ್ತು, ತಾವೇ ಇಳಿದು ಅಗೆದಿದ್ದರೇನೋ ಅನ್ನುವಷ್ಟು.

ಹಿನ್ನೆಲೆ ಇಷ್ಟು. 19ನೇ ಶತಮಾನದ ಮಧ್ಯದಲ್ಲಿ ಕಾರ್ನ್‌ವಾಲ್ ತಾಮ್ರ, ತವರಕ್ಕೆ ಜಗತ್ತಿಗೇ ಹೆಸರು. 1860ರ ದಶಕದಲ್ಲಿ ತಾಮ್ರದ ಬೆಲೆ ಬಿತ್ತು, ಆಮೇಲೆ ತವರಕ್ಕೂ ಪೆಟ್ಟಾಯಿತು. ಕೆಲಸ ಬಲ್ಲ ಗಂಡಸರು ಗುಂಪು ಗುಂಪಾಗಿ ಆಸ್ಟ್ರೇಲಿಯಾ, ಮೆಕ್ಸಿಕೊ, ಅಮೆರಿಕ, ದಕ್ಷಿಣ ಆಫ್ರಿಕಾ ಅಂತ ಹೊರಟರು. 'ಕಸಿನ್ ಜ್ಯಾಕ್' ಅಂತ ಅವರಿಗೆ ಅಡ್ಡಹೆಸರು. ಯಾವ ಗಣಿಯಲ್ಲಿ ಆಳು ಬೇಕು ಅಂದರೂ ಊರಲ್ಲಿ ನನ್ನ ಕಸಿನ್ ಜ್ಯಾಕ್ ಇದ್ದಾನೆ ಅನ್ನುತ್ತಿದ್ದರಂತೆ. 1880ರಲ್ಲಿ ಕೋಲಾರದ ಗಣಿ ನಡೆಸಲು ಬಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಮೊದಲಿಂದ ಕಾರ್ನ್‌ವಾಲ್‌ನಲ್ಲಿ ಗಣಿ ನಡೆಸಿ ಪಳಗಿದ್ದು. ಹಾಗಾಗಿ ಅವರು ಕರೆದದ್ದೂ ಈ ಜನರನ್ನೇ. ನಮ್ಮಲ್ಲಿ 2001ರಲ್ಲಿ ಗಣಿ ಮುಚ್ಚಿತು, ಇವರ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ ಮುಚ್ಚಿದ್ದು 1998ರಲ್ಲಿ. ಅದನ್ನು ಮತ್ತೆ ತೆರೆಯಲು ಒಂದು ಕಂಪನಿ ಈಗ ಒಳಗಿನ ನೀರು ಹೊರಹಾಕುವ ಕೆಲಸ ಮಾಡುತ್ತಿದೆ. ಒಂದು ವ್ಯತ್ಯಾಸ ಮಾತ್ರ ಕಣ್ಣಿಗೆ ರಾಚುತ್ತದೆ. ಗಣಿಯ ಉಗಿಯಂತ್ರ ಇಡಲು ಕಟ್ಟಿದ್ದ ಇವರ ಪಾಳುಬಿದ್ದ ಇಂಜಿನ್ ಮನೆಗಳು 2006ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ, ಟಿಕೆಟ್ ಇಟ್ಟು ತೋರಿಸುತ್ತಾರೆ. ಕೆಜಿಎಫ್‌ನಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳು, ನಮ್ಮ ಸೈನೈಡ್ ಗುಡ್ಡಗಳು, ಬೇಸಿಗೆ ಗಾಳಿಗೆ ಮನೆಯೊಳಕ್ಕೆ ಧೂಳು ತೂರುತ್ತಾ ನಿಂತಿವೆ.

ಗೀವರ್‌ನಿಂದ ಸಮುದ್ರದ ಪಕ್ಕದ ಕಾಲುದಾರಿಯಲ್ಲಿ ದಕ್ಷಿಣಕ್ಕೆ ನಡೆದರೆ ಲೆವಂಟ್, ಆಮೇಲೆ ಬೊಟಾಲಕ್. ನಡೆಯಬಲ್ಲವರು ಇದನ್ನು ಬಿಡಬೇಡಿ. ಬೊಟಾಲಕ್‌ನಲ್ಲಿ ಬಂಡೆಯ ಬುಡದಲ್ಲಿ, ಅಲೆಗಳಿಗೆ ಸ್ವಲ್ಪವೇ ಮೇಲೆ, ಎರಡು ಇಂಜಿನ್ ಮನೆಗಳಿವೆ. ಕಲ್ಲಿನ ಗೋಡೆ, ಪಕ್ಕಕ್ಕೊಂದು ಚಿಮಣಿ, ಛಾವಣಿ ಇಲ್ಲ. ಅಲ್ಲಿಂದ ಸುರಂಗ ಹೋಗಿದ್ದು ಸಮುದ್ರದ ತಳದ ಕೆಳಗೆ. ಬಿರುಗಾಳಿ ದಿನ ತಲೆ ಮೇಲೆ ಬಂಡೆಗಳು ಉರುಳುವ ಸದ್ದು ಒಳಗಿದ್ದವರಿಗೆ ಕೇಳುತ್ತಿತ್ತಂತೆ. ಲೆವಂಟ್‌ನಲ್ಲಿ 1919ರಲ್ಲಿ ಕೆಲಸಗಾರರನ್ನು ಮೇಲೆ ಕೆಳಗೆ ಒಯ್ಯುವ ಯಂತ್ರ ಮುರಿದು 31 ಜನ ಸತ್ತರು. ಈ ದಾರಿಯಲ್ಲಿ ಹಳೆಯ ಶಾಫ್ಟ್‌ಗಳು ಬಾಯಿ ತೆರೆದುಕೊಂಡಿವೆ, ಸುತ್ತ ಕಲ್ಲು ಕಟ್ಟೆ, ತಂತಿಬೇಲಿ ಇದೆ. ದಾರಿ ಬಿಟ್ಟು ಪೊದೆಗೆ ಇಳಿಯಬೇಡಿ, ಮಕ್ಕಳ ಕೈ ಬಿಡಬೇಡಿ. ಗೀವರ್ ವಾರದ ಎಲ್ಲ ದಿನ ತೆರೆದಿರಲ್ಲ, ಲೆವಂಟ್‌ದೂ ಅದೇ ಕಥೆ, ನೋಡಿಕೊಂಡು ದಿನ ಆರಿಸಿಕೊಳ್ಳಿ.

ಲ್ಯಾಂಡ್ಸ್ ಎಂಡ್ ಬಗ್ಗೆ ಕೇಳುತ್ತೀರಿ. ಹೋಗಿ, ಆದರೆ ಅದಕ್ಕಾಗಿಯೇ ದಿನ ಮೀಸಲಿಡಬೇಡಿ. ಇಂಗ್ಲೆಂಡಿನ ನೆಲದ ಪಶ್ಚಿಮ ತುದಿ, ಬಂಡೆಗಳು ಭವ್ಯ, ದೂರದಲ್ಲಿ ಲಾಂಗ್‌ಶಿಪ್ಸ್ ದೀಪಸ್ತಂಭ. ಆದರೆ ಅದರ ಮುಂದೆ ಆಟದ ಅಂಗಡಿ, ಸಿನಿಮಾ ಶೋ, ಪಾರ್ಕಿಂಗ್ ದುಡ್ಡು. ಬಸ್ಸಿನಲ್ಲಿ ಹೋಗಿ ಒಂದು ಗಂಟೆ ಇದ್ದು ಮುಂದಿನ ಬಸ್ ಹಿಡಿದರೆ ಸಾಕು. ನಿಜವಾಗಿ ಭೂಮಿಯ ಅಂಚಿನಲ್ಲಿ ನಿಂತ ಹಾಗೆ ಅನ್ನಿಸಬೇಕಾದರೆ ಸೇಂಟ್ ಜಸ್ಟ್ ಹತ್ತಿರದ ಕೇಪ್ ಕಾರ್ನ್‌ವಾಲ್‌ಗೆ ಹೋಗಿ. ಒಂದು ಗುಡ್ಡ, ತುದಿಯಲ್ಲಿ ಗಣಿಯ ಹಳೇ ಚಿಮಣಿ, ಸುತ್ತ ನೀರು. ಅಷ್ಟೇ.

ಅದೇ ಬಸ್ ದಾರಿಯಲ್ಲಿ ಪೋರ್ತ್‌ಕರ್ನೊ ಬರುತ್ತೆ. ಇಲ್ಲಿ ನಮಗೆ ಸಂಬಂಧಪಟ್ಟ ಇನ್ನೊಂದು ಸಂಗತಿ. 1870ರಲ್ಲಿ ಬ್ರಿಟನ್ನಿನಿಂದ ಬಾಂಬೆಗೆ ಸಮುದ್ರದಡಿ ಟೆಲಿಗ್ರಾಫ್ ತಂತಿ ಹಾಕಿದಾಗ ಅದರ ಈ ಕಡೆಯ ಕೊನೆ ಈ ಪುಟ್ಟ ಕೊಲ್ಲಿಯ ಮರಳಿನಲ್ಲಿ ಮೇಲೆ ಬಂತು. ವಾರಗಟ್ಟಲೆ ಹಿಡಿಯುತ್ತಿದ್ದ ಸುದ್ದಿ ನಿಮಿಷಗಳಲ್ಲಿ ತಲುಪತೊಡಗಿತು. ಈಗ ಅಲ್ಲೊಂದು ಮ್ಯೂಸಿಯಂ ಇದೆ. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ಕೊರೆದ ಸುರಂಗಗಳಲ್ಲಿ ಹಳೆಯ ಯಂತ್ರಗಳನ್ನು ಚಾಲೂ ಸ್ಥಿತಿಯಲ್ಲಿ ಇಟ್ಟಿದ್ದಾರೆ. ಮಳೆ ಬಂದ ದಿನಕ್ಕೆ ಹೇಳಿಮಾಡಿಸಿದ ಜಾಗ, ಮಕ್ಕಳಿಗೂ ಹಿಡಿಸುತ್ತೆ. ಮೇಲಿನ ಬಂಡೆಯ ಮೇಲೆ ಮಿನಾಕ್ ಬಯಲು ರಂಗಮಂದಿರ. ರೋವೆನಾ ಕೇಡ್ ಅನ್ನುವ ಹೆಂಗಸು ತನ್ನ ತೋಟದ ಕೆಳಗಿನ ಬಂಡೆಯನ್ನು ಕೆಲಸದವರ ಜೊತೆ ತಾನೇ ಕಡಿದು ಕಟ್ಟಿಸಿದ್ದು. 1932ರಲ್ಲಿ ಮೊದಲ ನಾಟಕ. ಸಿಮೆಂಟಿನ ಆಸನಗಳ ಮೇಲಿನ ಚಿತ್ತಾರವನ್ನೂ ಆಕೆಯೇ ಕೆತ್ತಿದ್ದು, ಸಿಮೆಂಟ್ ಒಣಗುವ ಮೊದಲು ಸ್ಕ್ರೂಡ್ರೈವರ್ ತುದಿಯಿಂದ. ಹಗಲು ಸುಮ್ನೆ ನೋಡಲೂ ಬುಕ್ ಮಾಡಬೇಕು. ಸಂಜೆ ನಾಟಕಕ್ಕೆ ಹೋಗುವುದಾದರೆ ದಿಂಬು, ಕಂಬಳಿ, ರೇನ್‌ಕೋಟ್ ಮೂರೂ ಬೇಕು. ಛತ್ರಿ ಬಿಚ್ಚಲು ಬಿಡಲ್ಲ, ಹಿಂದಿನವರಿಗೆ ಅಡ್ಡ ಬರುತ್ತಲ್ವಾ. ಮೆಟ್ಟಿಲು ತೀರಾ ಕಡಿದು.

ಇನ್ನು ಆಡಳಿತದ ಮಾತು. ಟೂರಿಸ್ಟ್‌ಗೆ ಇದೆಲ್ಲ ಯಾಕೆ ಅನ್ನಬಹುದು. ಪಾರ್ಕಿಂಗ್ ಬೋರ್ಡ್ ಓದುವಾಗಲೇ ಬೇಕಾಗುತ್ತೆ. ಮೊದಲು ಇಲ್ಲಿ ಕೌಂಟಿ ಕೌನ್ಸಿಲ್ ಒಂದು, ಅದರ ಕೆಳಗೆ ಆರು ಡಿಸ್ಟ್ರಿಕ್ಟ್ ಕೌನ್ಸಿಲ್. 2009ರ ಏಪ್ರಿಲ್‌ನಲ್ಲಿ ಎಲ್ಲವನ್ನೂ ಸೇರಿಸಿ ಕಾರ್ನ್‌ವಾಲ್ ಕೌನ್ಸಿಲ್ ಅಂತ ಒಂದೇ ಮಾಡಿದರು. ಅದರ ಕಚೇರಿ ಟ್ರೂರೊದಲ್ಲಿ. ಇಡೀ ಕೌಂಟಿಗೆ ಸಿಟಿ ಅಂತ ಇರುವುದು ಅದೊಂದೇ. ಮೂರು ಗೋಪುರದ ದೊಡ್ಡ ಚರ್ಚ್ ಬಿಟ್ಟರೆ ಟ್ರೂರೊದಲ್ಲಿ ಜಾಸ್ತಿ ಹೊತ್ತು ಕಳೆಯುವಂಥದ್ದೇನೂ ನನಗೆ ಕಾಣಲಿಲ್ಲ. ಸಿಲ್ಲಿ ದ್ವೀಪಗಳು ಮಾತ್ರ ಬೇರೆ. ಲ್ಯಾಂಡ್ಸ್ ಎಂಡ್‌ನಿಂದ 45 ಕಿಲೋಮೀಟರ್ ಆಚೆ, ಎರಡು ಸಾವಿರ ಚಿಲ್ಲರೆ ಜನ, ಆದರೂ ಅವರಿಗೆ ಅವರದೇ ಕೌನ್ಸಿಲ್. ಹಡಗಿನಲ್ಲಿ ಹೋಗುವವರು ವಾಂತಿ ಮಾತ್ರೆ ನುಂಗಿಯೇ ಹತ್ತಿ.

ಇದರ ಜೊತೆಗೆ ಡಚಿ ಆಫ್ ಕಾರ್ನ್‌ವಾಲ್ ಅಂತ ಒಂದಿದೆ, ಅದನ್ನು ಕೌನ್ಸಿಲ್ ಜೊತೆ ಕಲಸಬೇಡಿ. 1337ರಲ್ಲಿ ರಾಜ ಮೂರನೇ ಎಡ್ವರ್ಡ್ ತನ್ನ ಹಿರಿಮಗನಿಗೆ ಮಾಡಿಕೊಟ್ಟ ಆಸ್ತಿ ಅದು. ಅಲ್ಲಿಂದ ಇಲ್ಲಿಯವರೆಗೆ ಪಟ್ಟದ ಹಿರಿಮಗನಿಗೇ ಸೇರುತ್ತದೆ, 2022ರಿಂದ ವಿಲಿಯಂಗೆ. ವಿಚಿತ್ರ ಏನೆಂದರೆ, ಕಾರ್ನ್‌ವಾಲ್‌ನಲ್ಲಿ ಯಾರಾದರೂ ಉಯಿಲು ಬರೆಯದೆ, ವಾರಸುದಾರರೂ ಇಲ್ಲದೆ ಸತ್ತರೆ ಅವರ ಆಸ್ತಿ ಸರ್ಕಾರಕ್ಕಲ್ಲ, ಡಚಿಗೆ ಹೋಗುತ್ತದೆ. ಉಳಿದಂತೆ ಕರಾವಳಿಯ ಎಷ್ಟೋ ಜಾಗ ನ್ಯಾಷನಲ್ ಟ್ರಸ್ಟ್ ಕೈಯಲ್ಲಿ, ಟಿಂಟಾಜೆಲ್ ಮತ್ತು ಫಾಲ್ಮತ್‌ನ ಪೆಂಡೆನಿಸ್ ಕೋಟೆಗಳು ಇಂಗ್ಲಿಷ್ ಹೆರಿಟೇಜ್ ಕೈಯಲ್ಲಿ. ಎರಡೂ ಹಳೆಯ ಜಾಗಗಳನ್ನು ಕಾಪಾಡುವ ಬೇರೆ ಬೇರೆ ಸಂಸ್ಥೆಗಳು. ಒಂದರ ಸದಸ್ಯತ್ವ ಇನ್ನೊಂದರಲ್ಲಿ ನಡೆಯಲ್ಲ. ಕಾರಿನಲ್ಲಿ ಪಶ್ಚಿಮ ಭಾಗ ಸುತ್ತುವವರಿಗೆ ನ್ಯಾಷನಲ್ ಟ್ರಸ್ಟ್ ಕಾರ್ಡ್ ಲಾಭ, ಅವರ ಪಾರ್ಕಿಂಗ್ ಸದಸ್ಯರಿಗೆ ಉಚಿತ.

ಜನ ಒಳ್ಳೆಯವರು. ಆದರೆ ಟೂರಿಸ್ಟ್ ಅಂದರೆ ಎಲ್ಲರಿಗೂ ಖುಷಿ ಅಂತ ತಿಳಿಯಬೇಡಿ. ಹೊರಗಿನವರನ್ನು ಎಮಟ್ ಅನ್ನುತ್ತಾರೆ, ಅಂದರೆ ಇರುವೆ. ಕೋಪಕ್ಕೆ ಕಾರಣ ಇದೆ. ಲಂಡನ್ ಕಡೆಯ ದುಡ್ಡಿನವರು ರಜೆಗೆ ಅಂತ ಮನೆ ಕೊಂಡು ವರ್ಷಪೂರ್ತಿ ಬೀಗ ಹಾಕುತ್ತಾರೆ, ಊರಿನ ಮಕ್ಕಳಿಗೆ ಬಾಡಿಗೆಗೂ ಮನೆ ಸಿಗಲ್ಲ. 2016ರಲ್ಲಿ ಸೇಂಟ್ ಐವ್ಸ್‌ನವರು ಮತ ಹಾಕಿ, ಹೊಸದಾಗಿ ಕಟ್ಟುವ ಮನೆ ಅಲ್ಲೇ ವಾಸ ಮಾಡುವವರಿಗೆ ಮಾತ್ರ ಅಂತ ನಿಯಮ ಮಾಡಿಕೊಂಡರು. 2025ರಿಂದ ಕೌನ್ಸಿಲ್ ಕೂಡ ಎರಡನೇ ಮನೆಗೆ ಕೌನ್ಸಿಲ್ ಟ್ಯಾಕ್ಸ್ (ನಮ್ಮ ಮನೆ ಕಂದಾಯದಂಥದ್ದು) ದುಪ್ಪಟ್ಟು ಮಾಡಿದೆ. ಚಿಕ್ಕಮಗಳೂರು, ಕೊಡಗಿನ ಕಡೆ ಹೋಮ್‌ಸ್ಟೇ ನೋಡಿದವರಿಗೆ ಈ ಜಗಳ ಬಿಡಿಸಿ ಹೇಳಬೇಕಿಲ್ಲ. ಸಾಧ್ಯವಾದರೆ ಊರವರೇ ನಡೆಸುವ, ರೂಮಿನ ಜೊತೆ ಬೆಳಗಿನ ತಿಂಡಿ ಕೊಡುವ ಬಿ ಅಂಡ್ ಬಿಯಲ್ಲಿ ಉಳಿಯಿರಿ.

ಎಲ್ಲೆಲ್ಲೂ ಕಾಣುವ ಕಪ್ಪು ಬಟ್ಟೆ ಮೇಲೆ ಬಿಳಿ ಶಿಲುಬೆಯ ಬಾವುಟ ಸೇಂಟ್ ಪಿರಾನ್‌ನದು. ಗಣಿ ಕೆಲಸದವರ ಸಂತ ಅವನು, ಮಾರ್ಚ್ 5 ಅವನ ಹಬ್ಬ. ಬೀದಿ ಬೋರ್ಡುಗಳಲ್ಲಿ ಇಂಗ್ಲಿಷ್ ಜೊತೆ ಇನ್ನೊಂದು ಭಾಷೆ ಕಾಣುತ್ತದೆ, ಅದು ಕಾರ್ನಿಶ್. ವೆಲ್ಷ್, ಬ್ರೆಟನ್ ಭಾಷೆಗಳ ನಂಟು ಅದು. 1777ರಲ್ಲಿ ಮೌಝಲ್‌ನ ಮೀನು ಮಾರುವ ಮುದುಕಿ ಡಾಲಿ ಪೆಂಟ್ರೀತ್ ತೀರಿಕೊಂಡಾಗ ಮನೆಮಾತಾಗಿ ಬಳಸುವ ಕೊನೆಯವಳು ಹೋದಳು ಅಂದರು. 20ನೇ ಶತಮಾನದ ಶುರುವಿನಲ್ಲಿ ಕೆಲವರು ಹಠ ಹಿಡಿದು ಪುಸ್ತಕಗಳಿಂದ ಮತ್ತೆ ಕಲಿತು ಕಲಿಸಿದರು. 2014ರಲ್ಲಿ ಕಾರ್ನಿಶ್ ಜನರಿಗೆ ರಾಷ್ಟ್ರೀಯ ಅಲ್ಪಸಂಖ್ಯಾತರ ಮಾನ್ಯತೆ ಸಿಕ್ಕಿತು. ಮಾತಿನ ನಡುವೆ "ನೀವು ಇಂಗ್ಲಿಷರು" ಅಂತ ಹೇಳದಿರುವುದು ಒಳ್ಳೆಯದು. ಕೆಲವರಿಗೆ ಸಿಟ್ಟೇ ಬರುತ್ತೆ.

ಊಟ. ಪೇಸ್ಟಿ ತಿನ್ನದೆ ಬರಬಾರದು ಅನ್ನುತ್ತಾರೆ. ಗಣಿ ಕೆಲಸದವರು ಮಧ್ಯಾಹ್ನಕ್ಕೆ ಒಯ್ಯುತ್ತಿದ್ದ ಬುತ್ತಿ ಇದು. ನಮ್ಮ ಕರ್ಜಿಕಾಯಿಯ ಹಾಗೆಯೇ ಅಂಚು ಮಡಚಿ ಹೆಣೆದಿರುತ್ತಾರೆ, ಆದರೆ ಒಂದು ತಿಂದರೆ ಹೊಟ್ಟೆ ಗಟ್ಟಿ. ಕಾರ್ನಿಶ್ ಪೇಸ್ಟಿ ಅಂತ ಹೆಸರಿಟ್ಟು ಮಾರಬೇಕಾದರೆ ಅದರಲ್ಲಿ ದನದ ಮಾಂಸ ಇರಲೇಬೇಕು, 2011ರಿಂದ ಅದು ಕಾನೂನು. ಹಾಗಾಗಿ ತಿನ್ನದವರು ಆ ಹೆಸರು ಹೇಳಿ ಕೇಳಬೇಡಿ. ಚೀಸ್ ಮತ್ತು ಈರುಳ್ಳಿ, ಬರೀ ತರಕಾರಿ, ಕೆಲವು ಕಡೆ ಕಡಲೆಕಾಳು ಹಾಕಿದ್ದೂ ಸಿಗುತ್ತೆ. ಹಿಟ್ಟಿಗೆ ಹಂದಿ ಕೊಬ್ಬು ಹಾಕಿದ್ದೀರಾ ಅಂತ ಕೇಳಿಯೇ ತಗೊಳ್ಳಿ. ಚಿಪ್ಸ್‌ಗೂ ಇದೇ ಮಾತು. ಕೆಲವು ಮೀನಂಗಡಿಗಳಲ್ಲಿ ಎಣ್ಣೆ ಬದಲು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಮೀನು ತಿನ್ನುವವರಿಗೆ ಚಿಂತೆಯೇ ಇಲ್ಲ, ಪಕ್ಕದ ನ್ಯೂಲಿನ್ ಇಂಗ್ಲೆಂಡಿನ ದೊಡ್ಡ ಮೀನು ಬಂದರುಗಳಲ್ಲಿ ಒಂದು. ಅಮ್ಮನಿಗೆ ಹಿಡಿಸಿದ್ದು ಕ್ರೀಮ್ ಟೀ, ಅಂದರೆ ಟೀ ಜೊತೆ ಕೊಡುವ ಸ್ಕೋನ್ ಅನ್ನುವ ಬನ್ನಿನಂಥ ತಿಂಡಿ. ಸ್ಕೋನ್ ಮೇಲೆ ಇಲ್ಲಿ ಮೊದಲು ಜಾಮ್, ಅದರ ಮೇಲೆ ಗಟ್ಟಿ ಕೆನೆ. ಡೆವನ್‌ನಲ್ಲಿ ಉಲ್ಟಾ. ಬೇಕರಿಗಳಲ್ಲಿ ಹಳದಿ ಬನ್ ಕಂಡರೆ ಬಿಡಬೇಡಿ, ಅದರಲ್ಲಿರುವುದು ಕೇಸರಿ. ಸೇಂಟ್ ಐವ್ಸ್ ಬಂದರಿನಲ್ಲಿ ಕೈಯಲ್ಲಿ ತಿಂಡಿ ಹಿಡಿದು ನಡೆಯಬೇಡಿ. ಕಡಲ ಹಕ್ಕಿಗಳು ಹಿಂದಿನಿಂದ ಬಂದು ತುತ್ತು ಕಿತ್ತುಕೊಂಡು ಹೋಗುತ್ತವೆ. ಗೋಡೆಗೆ ಬೆನ್ನು ಕೊಟ್ಟು ತಿನ್ನಿ.

ಸೇಂಟ್ ಐವ್ಸ್‌ಗೆ ಕಾರು ಒಯ್ಯುವುದು ದಂಡ. ಸೇಂಟ್ ಅರ್ತ್ ನಿಲ್ದಾಣದಿಂದ ಸಣ್ಣ ರೈಲು ಹೋಗುತ್ತೆ, ಹತ್ತು ಹನ್ನೆರಡು ನಿಮಿಷದ ದಾರಿ, ಬಲಗಡೆ ಕೂತರೆ ಪೂರ್ತಿ ಮರಳಿನ ಕೊಲ್ಲಿ. ಅಲ್ಲಿನ ಟೇಟ್ ಕಲಾ ಗ್ಯಾಲರಿಗಿಂತ ನನಗೆ ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ಮನೆಯ ತೋಟ ಹೆಚ್ಚು ಇಷ್ಟವಾಯಿತು. ಮರಾಜಿಯನ್‌ನ ಸೇಂಟ್ ಮೈಕೆಲ್ಸ್ ಮೌಂಟ್ ಪೆನ್‌ಝಾನ್ಸ್‌ನಿಂದ ಬಸ್ಸಿನಲ್ಲಿ ಹದಿನೈದು ನಿಮಿಷವೂ ಇಲ್ಲ. ನೀರು ಇಳಿದಾಗ ಕಲ್ಲು ಹಾಸಿದ ದಾರಿಯಲ್ಲಿ ನಡೆದೇ ದ್ವೀಪ ಸೇರಬಹುದು, ಏರಿದಾಗ ದೋಣಿ. ಹೊರಡುವ ಮುಂಚೆ ಅವತ್ತಿನ ಇಳಿತದ ಸಮಯ ನೋಡಿಕೊಳ್ಳಿ. ದ್ವೀಪದ ಮೇಲಿನ ಕೋಟೆ ಶನಿವಾರ ಸಾಮಾನ್ಯವಾಗಿ ಮುಚ್ಚಿರುತ್ತೆ. ಮೇಲೆ ಹತ್ತುವ ದಾರಿ ಉರುಟು ಕಲ್ಲಿನದು, ಚಪ್ಪಲಿ ನಡೆಯಲ್ಲ. ಈಡನ್ ಪ್ರಾಜೆಕ್ಟ್ ಹಳೆಯ ಚೀನಿಮಣ್ಣಿನ ಗಣಿಯಲ್ಲಿ 2001ರಲ್ಲಿ ಶುರುವಾದ ದೊಡ್ಡ ಗಾಜಿನ ಮನೆಯಂಥ ತೋಟ. ಇಂಗ್ಲಿಷರಿಗೆ ಅದೊಂದು ವಿಸ್ಮಯ. ಬಾಳೆ, ಕಾಫಿ, ಮೆಣಸಿನ ಬಳ್ಳಿ ನೋಡೋಕೆ ಇಷ್ಟು ದುಡ್ಡಾ ಅಂತ ಅಪ್ಪ ಟಿಕೆಟ್ ಬೆಲೆ ಕೇಳಿಯೇ ಬೇಡ ಅಂದರು, ನಾವು ಹೋಗಲಿಲ್ಲ.

ಸಮುದ್ರದ ಬಗ್ಗೆ ಒಂದೇ ಮಾತು. ಜೀವರಕ್ಷಕರು ಇರುವ ಬೀಚಿನಲ್ಲಿ, ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗೆ ಇಳಿಯಿರಿ. ಕಪ್ಪು ಬಿಳಿ ಚೌಕದ ಬಾವುಟ ಇರುವ ಕಡೆ ಸರ್ಫಿಂಗ್ ಮಾಡುವವರದು. ಉಬ್ಬರ ಬರುವಾಗ ಬಂಡೆಯ ಬುಡದಲ್ಲಿ ಸಿಕ್ಕಿಬೀಳುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಏನಾದರೂ ಆದರೆ 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಅಂತ ಕೇಳಿ.

ಹಬ್ಬ ನೋಡಬೇಕು ಅನ್ನುವವರು ಮೇ ತಿಂಗಳಿಗೆ ಇಟ್ಟುಕೊಳ್ಳಿ. ಮೇ 1ಕ್ಕೆ ಪ್ಯಾಡ್‌ಸ್ಟೋದಲ್ಲಿ ಆಬಿ ಆಸ್. ದೊಡ್ಡ ಬಳೆಯಂಥ ಚೌಕಟ್ಟಿಗೆ ಕಪ್ಪು ಬಟ್ಟೆ ಹೊದಿಸಿ, ಮುಖವಾಡ ಹಾಕಿದವನೊಬ್ಬ ಕುದುರೆಯಾಗಿ ಓಣಿಯಲ್ಲಿ ಗಿರಗಿರ ಕುಣಿಯುತ್ತಾನೆ, ಹಿಂದೆ ಡೋಲು, ಅಕಾರ್ಡಿಯನ್. ಮೇ 8ಕ್ಕೆ ಹೆಲ್ಸ್ಟನ್‌ನಲ್ಲಿ ಫ್ಲೋರಾ ಡೇ. ಜೋಡಿ ಜೋಡಿಯಾಗಿ ಬೀದಿಯಲ್ಲಿ ಕುಣಿಯುತ್ತಾ ಮನೆ, ಅಂಗಡಿಗಳ ಮುಂಬಾಗಿಲಿಂದ ಹೊಕ್ಕು ಹಿಂಬಾಗಿಲಿಂದ ಹೊರಬರುತ್ತಾರೆ. ಎಂಟನೇ ತಾರೀಖು ಭಾನುವಾರ ಅಥವಾ ಸೋಮವಾರ ಬಿದ್ದರೆ ಅದಕ್ಕೆ ಮುಂಚಿನ ಶನಿವಾರವೇ ಮಾಡಿಬಿಡುತ್ತಾರೆ. ಎರಡೂ ಊರಿಗೆ ಲಂಡನ್ ರೈಲು ಹೋಗಲ್ಲ, ಹಬ್ಬದ ದಿನ ಒಳಗಿನ ರಸ್ತೆ ಮುಚ್ಚಿರುತ್ತೆ, ರೂಮು ತಿಂಗಳುಗಟ್ಟಲೆ ಮುಂಚೆ ತುಂಬಿರುತ್ತೆ. ಹೆಲ್ಸ್ಟನ್‌ಗಾದರೆ ಪೆನ್‌ಝಾನ್ಸ್‌ನಲ್ಲೇ ಉಳಿದು ಬೆಳಗ್ಗೆ ಮೊದಲ ಬಸ್ಸಿಗೆ ಹೋಗಿ. ಏಳು ಗಂಟೆಗೇ ಕುಣಿತ ಶುರುವಾಗುತ್ತೆ.